ಮದುಮಗನಿಗೆ ಮಾರಕ್ಕ ಕೊಡುವ ಮುಯ್ಯಿ

ಬೆಳಗಿನ ಐದೂವರೆ. ಪೀಣ್ಯದ ಈ ಬೋಲ್ಟು ಕಾರ್ಖಾನೆಯಲ್ಲಿ ಯಂತ್ರಗಳು ಇನ್ನೂ ಬಾಯಿ ತೆರೆದಿಲ್ಲ. ನೆಲಕ್ಕೆ ಅಂಟಿದ ಕಬ್ಬಿಣದ ಸುರುಳಿಗಳನ್ನು ಮಾರಕ್ಕ ಗುಡಿಸಿ ಗುಡ್ಡೆ ಹಾಕುತ್ತಿದ್ದಾರೆ. ಮೊದಲ ಪಾಳಿಯ ದೀಪು ಮದುವೆ ಪತ್ರಿಕೆ ಕೊಡಲು ಬರುತ್ತಾನೆ. ಅರಿಶಿನ ಹಚ್ಚಿದ ಮೂಲೆಯನ್ನು ಕಣ್ಣಿಗೊತ್ತಿಕೊಂಡು ಅವರು ಹೇಳುವುದು ಒಂದೇ ಮಾತು.

"ತಾಳಿ ಕಟ್ಟಿದ್ ವಾರ್ದೊಳ್ಗೆ ಎಂಡ್ತೀನ ಕರ್ಕೊಂಡ್ ಬಾ. ಪಿ.ಎಫ್.ನಾಗೆ ನಾಮಿನಿ ಬದ್ಲಾಯಿಸ್ಬೇಕು."

"ಇನ್ನೂ ಚಪ್ರಾನೇ ಹಾಕಿಲ್ಲ, ಆಗ್ಲೇ ನನ್ ತಿಥೀನಾ ಅಕ್ಕ?"

"ನೂರ್ ವರ್ಸ ಬದ್ಕು ಮಗಾ. ಎಸ್ರು ಬರ್ಸಿ ಬದ್ಕು."

ಇಲ್ಲಿ ಹುಡುಗರು ಹತ್ತೊಂಬತ್ತಕ್ಕೆ ಕೆಲಸಕ್ಕೆ ಸೇರುತ್ತಾರೆ. ತಾವು ಸತ್ತರೆ ಪಿ.ಎಫ್. ಹಣ ಸೇರಬೇಕಾದ ನಾಮಿನಿ ಎಂದು ತಾಯಿಯ ಹೆಸರು ಬರೆಸುತ್ತಾರೆ. ಮದುವೆಯಾದ ದಿನವೇ ಆ ಬರಹ ಕಾನೂನಿನ ಕಣ್ಣಲ್ಲಿ ಬಿದ್ದುಹೋಗುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದರೂ, ಅರಿಶಿನದ ಕೈಯಲ್ಲಿ ಸಾವಿನ ಮಾತು ಯಾರು ಎತ್ತುತ್ತಾರೆ?

ಮಾರಕ್ಕ ಎತ್ತುತ್ತಾರೆ. ಲಗ್ಗೆರೆಯ ಒಂದು ಕೋಣೆಯ ಮನೆಯಲ್ಲಿರುವ ಅವರಿಗೆ ಈಗ ಐವತ್ತಾರು. ಗಂಡ ದಾಸಪ್ಪ ಇದೇ ಕಾರ್ಖಾನೆಯಲ್ಲಿದ್ದವರು, ಜ್ವರದಲ್ಲಿ ಹೋದರು. ಹೆಂಡತಿಗೆ ಪಿಂಚಣಿ ಉಂಟೆಂದು ತಿಳಿಯದೆ ಏಳು ವರ್ಷ ಅವರು ಇದೇ ನೆಲ ಗುಡಿಸಿದರು. ಪಕ್ಕದ ಕಾರ್ಖಾನೆಯ ಗುಮಾಸ್ತೆ ವತ್ಸಲಾ ಟೀ ಅಂಗಡಿಯ ಮುಂದೆ, ಪಿಂಚಣಿ ಬರುತ್ತಿದೆಯೇ ಎಂದು ಸುಮ್ಮನೆ ವಿಚಾರಿಸಿದಾಗಲೇ ಗೊತ್ತಾದದ್ದು. ಮಾರಕ್ಕನಿಗೆ ಬಸ್ಸಿನ ಬೋರ್ಡು ಬಿಟ್ಟರೆ ಹೆಚ್ಚು ಓದಲು ಬಾರದು. ಆದರೆ ಸಾವಿನ ಮನೆಗೆ ಹೋಗಿ ಮೂರು ಬೆರಳು ಎತ್ತುತ್ತಾರೆ: ಕೂಡಿಟ್ಟ ಹಣ, ಪಿಂಚಣಿ, ವಿಮೆ. ಜನ ಮೊದಲನೆಯದನ್ನಷ್ಟೇ ಕೇಳಿ ಮನೆಗೆ ಮರಳುತ್ತಾರಂತೆ. ಹನ್ನೆರಡು ವರ್ಷದಲ್ಲಿ ಮೂವತ್ತೆಂಟು ಮನೆಗಳಿಗೆ ಮೂರನ್ನೂ ಕೊಡಿಸಿದ್ದಾರೆ. ಯಾರಿಂದಲೂ ಬಸ್ ಚಾರ್ಜು ಕೂಡ ಪಡೆದಿಲ್ಲ.

ಕಳೆದ ವರ್ಷ ಇದೇ ಕಾರ್ಖಾನೆಯ ಸಿದ್ದರಾಜು ಬೈಕಿನಿಂದ ಬಿದ್ದು ತೀರಿಕೊಂಡ. ಹೆಂಡತಿ ವೇಣಿಯ ಕಂಕುಳಲ್ಲಿ ಎಂಟು ತಿಂಗಳ ಕೂಸು. ಮರಣ ಪ್ರಮಾಣಪತ್ರ ಆನೇಕಲ್ಲಿನಲ್ಲಿ, ಅತ್ತೆ ಮುನಿತಾಯಮ್ಮನ ಟ್ರಂಕಿನಲ್ಲಿ. ಅದಿಲ್ಲದೆ ಪಿಂಚಣಿ ಇಲ್ಲ, ಪಿಂಚಣಿ ಇಲ್ಲದೆ ಕೂಸಿಗೆ ಹಾಲಿಲ್ಲ. ಮಗ ನನ್ನ ಹೆಸರನ್ನೇ ಬರೆಸಿದ್ದಾನೆ, ಎಲ್ಲವೂ ನನ್ನದೇ ಎಂದು ಅತ್ತೆ ಬೀಗ ಹಾಕಿದ್ದರು.

ಮಾರಕ್ಕ ಮೂರು ಭಾನುವಾರ ಎರಡೆರಡು ಬಸ್ಸು ಹತ್ತಿಳಿದು ಆನೇಕಲ್ಲಿಗೆ ಹೋದರು. ಮೊದಲೆರಡು ಸಲ ಬಾಗಿಲಲ್ಲೇ ಮಾತು ಮುಗಿಯಿತು. ಮೂರನೆಯ ಸಲ ವಿವರಿಸಿದರು: ಮದುವೆಯಾದ ಮೇಲೆ ಆ ಹಳೆಯ ಬರಹ ನಡೆಯದು, ಕೂಡಿಟ್ಟ ಹಣದಲ್ಲಿ ಮಗನನ್ನೇ ನಂಬಿದ್ದ ತಾಯಿಗೂ ಸಮಪಾಲಿದೆ, ಪಿಂಚಣಿ ಮಾತ್ರ ಸೊಸೆಗೂ ಮಗುವಿಗೂ. ಮುನಿತಾಯಮ್ಮ ಕೇಳಿದ್ದು ಹಣದ ಮಾತನ್ನಲ್ಲ.

"ಅಂಗಾದ್ರೆ ನನ್ ಎಸ್ರು ಅವ್ನೇ ಅಳಿಸ್ಬುಟ್ನಾ?"

"ಅವ್ನು ಅಳಿಸ್ಲಿಲ್ಲ ಕಣವ್ವ, ಕಾನೂನು ಅಳಿಸ್ತು. ಅವ್ನ್ ಕೈಬರಹ ನೀನೇ ಮಡಿಕ್ಕೋ. ನಂಗೆ ಮರಣಪತ್ರ ಒಂದು ಸಾಕು."

ಟ್ರಂಕು ತೆರೆಯಿತು. ಮಗನ ಸಹಿಯಿದ್ದ ಹಳೆಯ ನಾಮಿನಿ ಪತ್ರದ ನಕಲನ್ನು ಮುನಿತಾಯಮ್ಮ ಸೆರಗಿನಲ್ಲಿ ಇಟ್ಟುಕೊಂಡು, ಇನ್ನೊಂದು ಕಾಗದವನ್ನು ಕೊಟ್ಟರು. ಐದು ತಿಂಗಳಿಗೆ ವೇಣಿಗೆ ಪಿಂಚಣಿ ಶುರುವಾಯಿತು.

ಎರಡು ಬಾರಿ ಗುಡಿಸಿದ ನೆಲದಲ್ಲಿ ಕುಳಿತು ಮಾರಕ್ಕ ಎಲೆ ಅಡಿಕೆ ಮೆಲ್ಲುತ್ತಾರೆ. ಇಷ್ಟೆಲ್ಲ ಮಾಡಿದ್ದಕ್ಕೆ ಏನನ್ನಿಸುತ್ತದೆ ಎಂದು ಕೇಳಿದರೆ ಬೇರೆಯೇ ಸುದ್ದಿ ಹೇಳುತ್ತಾರೆ: ವೇಣಿ ಹೋದ ತಿಂಗಳು ಗಾರ್ಮೆಂಟ್ಸಿಗೆ ಸೇರಿದಳು, ಅವಳಿಗೂ ಪಿ.ಎಫ್. ಆಯಿತು, ನಾಮಿನಿ ಬರೆಸಲು ತಾವೇ ಜೊತೆಗೆ ಹೋಗಿದ್ದರು.

"ಎಲ್ಡು ಎಸ್ರು ಯೋಳಿದ್ಲು. ಒಂದು ಕೂಸಿಂದು, ಒಂದು ಅತ್ತೇದು." ಮಾರಕ್ಕ ಪೊರಕೆಯನ್ನು ಕೈಗೆತ್ತಿಕೊಳ್ಳುತ್ತಾರೆ. "ನಾನ್ ಯೋಳ್ಕೊಟ್ಟಿದ್ದಲ್ಲ ಕಣ್ರೀ ಅದು."