ದ್ವೇಷಿಸುತ್ತಲೇ ಹಾರಲು ಕಲಿತ ಅಲ್ವೀನಾ

ಅಲ್ವೀನಾ ಹೌಕ್ ನಮ್ಮ ಗ್ಯಾರಿಟಿ ಊರಿನ ವಿಮಾನ ಇಳಿಯುವ ಬಯಲಿಗೆ ಹಾರಲು ಕಲಿಯಲು ಬಂದ ದಿನ ಆಫೀಸಿನ ಬಾಗಿಲನ್ನು ಕಾಲಿನಿಂದ ತಳ್ಳಿಕೊಂಡು ಒಳಗೆ ಬಂದಳು. ಅವಳ ಗಂಡ ಡೆಲ್ಮರ್ ಸತ್ತು ವರ್ಷ ತುಂಬಿರಲಿಲ್ಲ. ಮಂದೆಗೆ ಟಗರು ನೋಡಲು ವಿಮಾನದಲ್ಲಿ ದಕ್ಷಿಣದ ಊರೊಂದಕ್ಕೆ ಹೋದವನು ವಾಪಸು ಬರುವಾಗ ಬ್ಯಾಡ್ಜರ್ ಬೆಟ್ಟಗಳ ನಡುವಿನ ಕಣಿವೆಯಲ್ಲಿ ಮೋಡದೊಳಕ್ಕೆ ನುಗ್ಗಿ ಬಂಡೆಗೆ ಬಡಿದಿದ್ದ. ಅವನಿಗೆ ಕಲಿಸಿ, ಇವನು ಒಬ್ಬನೇ ಊರಿಂದೂರಿಗೆ ಹಾರಬಲ್ಲ ಎಂದು ಸಹಿ ಹಾಕಿದವನು ಆರಿನ್ ಸ್ಕೋಗನ್.

ಸ್ಕೋಗನ್ ಆ ಹೊತ್ತಿಗೆ ನನ್ನ ಮೇಜಿನ ಎದುರೇ ಕೂತಿದ್ದ. ಬಯಲಿನ ಪೆಟ್ರೋಲು, ರೇಡಿಯೋ, ಕಾಫಿ ಮೂರೂ ನನ್ನ ಕೈಯಲ್ಲಿ. ಅವನ ಕೈಯಲ್ಲಿ ಸೂರ್ಯಕಾಂತಿ ಬೀಜದ ಪೊಟ್ಟಣ. ಅಗಿಯುವುದು, ಡಬ್ಬಿಗೆ ಸಿಪ್ಪೆ ಉಗಿಯುವುದು, ಇಡೀ ದಿನ ಅದೇ.

"ನಂಗೆ ಹಾರೋದು ಕಲಿಸು," ಅಂದಳು ಅಲ್ವೀನಾ.

"ಯಾಕೆ, ನಿನ್ ಕುರಿಗಳಿಗೆ ರೆಕ್ಕೆ ಬಂತಾ?"

"ಡೆಲ್ಮರ್‌ಗೆ ಏನೇನ್ ಕಲಿಸಿದ್ಯೋ ಅಷ್ಟನ್ನೂ ಕಲಿಸು. ಒಂದಕ್ಷರ ಬಿಡ್ಬೇಡ. ಅವನಿಗೆ ಏನ್ ಕಲಿಸ್ದೆ ಬಿಟ್ಟಿದ್ದೆ ಅಂತ ನೋಡ್ಬೇಕು."

"ಅಕ್ಕಪಕ್ಕದ ಊರಲ್ಲಿ ಬೇರೆ ಮೇಷ್ಟ್ರು ಯಾರೂ ಸಿಗ್ಲಿಲ್ವಾ?"

"ಅವರ್ಯಾರೂ ನನ್ ಗಂಡನ್ನ ಕೊಂದಿಲ್ಲ."

ಸ್ಕೋಗನ್ ಡಬ್ಬಿಗೆ ಉಗಿದ. "ನಾಳೆ ಬೆಳಿಗ್ಗೆ ಬಾ. ಬೂಟು ತೊಳ್ಕೊಂಡ್ ಬಾ. ನನ್ ವಿಮಾನದೊಳಗೆ ಕುರಿ ಹಿಕ್ಕೆ ಬೀಳ್ಬಾರ್ದು."

ಅವಳ ಟ್ರಕ್ಕಿನ ಧೂಳು ಅಡಗಿದ ಮೇಲೆ ನಾನು ಕೇಳಿದೆ, "ಯಾಕಯ್ಯಾ ಒಪ್ಕೊಂಡೆ?"

"ಅವಳು ಬೇರೆಯವನ ಹತ್ರ ಕಲಿತು ಸತ್ರೂ ಈ ಊರು ಅದನ್ನ ನನ್ ತಲೆಗೇ ಕಟ್ಟತ್ತೆ, ಮೇವಿಸ್. ಅದರ ಬದ್ಲು ನಾನೇ ಕಲಿಸೋದು ವಾಸಿ."

ಅಲ್ವೀನಾಳನ್ನು ಇಷ್ಟಪಡುವವರು ಊರಲ್ಲಿ ಕಡಿಮೆ. ಜರ್ಮನ್ ಮಾತಾಡುವ ಗೋಧಿ ರೈತರ ಮನೆಯಲ್ಲಿ ಹುಟ್ಟಿ, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ಕುರಿ ಸಾಕುವ ಹೌಕ್ ಮನೆಗೆ ಸೊಸೆಯಾಗಿ ಬಂದವಳು. ಬೇಲಿ ದಾಟಿ ಬಂದ ಹಸುವಿಗೋಸ್ಕರ ಪಕ್ಕದ ಜಮೀನಿನವರ ಹತ್ತಿರ ಮಾತು ಬಿಟ್ಟಳು, ಚರ್ಚಿನ ಬೋಧನೆ ಉದ್ದವಾಯಿತೆಂದು ಪಾದ್ರಿಯ ಹತ್ತಿರ ಜಗಳವಾಡಿದಳು, ಅಂಗಡಿಯಲ್ಲಿ ತಕ್ಕಡಿಯ ಮೇಲೆ ಕಣ್ಣಿಟ್ಟೇ ನಿಲ್ಲುತ್ತಿದ್ದಳು. ಡೆಲ್ಮರ್ ಇದಕ್ಕೆ ತದ್ವಿರುದ್ಧ. ಮೆತ್ತಗಿನ ಮನುಷ್ಯ. ಯಾರು ಏನು ಹೇಳಿದರೂ "ಆಯ್ತು ಆಯ್ತು" ಅನ್ನುತ್ತಾ ತಲೆ ಆಡಿಸುತ್ತಿದ್ದ. ಅವನು ಹಾರಲು ಕಲಿಯುತ್ತೇನೆಂದದ್ದೊಂದೇ ಅವಳ ಮಾತು ಮೀರಿ ಮಾಡಿದ ಕೆಲಸ ಎಂದು ಜನ ಆಡಿಕೊಳ್ಳುತ್ತಿದ್ದರು.

ಅಂತೂ ಪಾಠ ಶುರುವಾಯಿತು. ಆಕಾಶದಲ್ಲಿ ಏನಾಯಿತೆಂದು ನನಗೆ ಗೊತ್ತಾಗುತ್ತಿದ್ದದ್ದು ಒಂದೇ ದಾರಿಯಲ್ಲಿ. ಇಳಿದ ಮೇಲೆ ಅವಳು ಬಂದು ಅವನ ಮೇಲೆ ದೂರು ಹೇಳುತ್ತಿದ್ದಳು, ಅವಳು ಹೋದ ಮೇಲೆ ಅವನು ಅವಳ ಮೇಲೆ.

ಎತ್ತುವುದು, ಇಳಿಸುವುದು ಅವಳಿಗೆ ಬೇಗ ಬಂತು. ಕಷ್ಟ ಶುರುವಾದದ್ದು ದೂರದ ಹಾರಾಟದಲ್ಲಿ. ನಮ್ಮ ಸೀಮೆಯಲ್ಲಿ ಮೇಲಿಂದ ನೋಡಿದರೆ ಗೋಧಿ ಹೊಲ, ಬೀಳು ಬಿಟ್ಟ ಹೊಲ, ಮತ್ತೆ ಗೋಧಿ ಹೊಲ. ರೈಲು ಹಳಿಯ ಪಕ್ಕ ಕಾಳಿನ ಎತ್ತರದ ಗೋದಾಮೊಂದು ಕಂಡರೆ ಅದು ಊರು, ಆದರೆ ಎಲ್ಲ ಊರಿಗೂ ಅಂಥದೇ ಗೋದಾಮು. ಒಂದು ಸಲ ಅಲ್ವೀನಾ ಕೆಳಗೆ ಕಂಡ ಊರನ್ನು ಸೆಂಟಿನೆಲ್ ಅಂದುಕೊಂಡು ನಕ್ಷೆಯಲ್ಲಿ ಬೆರಳಿಟ್ಟಳು. ಅದು ರೋಲ್ಫ್ಸ್ ಆಗಿತ್ತು. ಸ್ಕೋಗನ್ ಅವಳ ತೊಡೆಯ ಮೇಲಿದ್ದ ನಕ್ಷೆಯನ್ನು ಕಿತ್ತುಕೊಂಡ.

"ಸೆಂಟಿನೆಲ್‌ಗೆ ಕೆರೆ ಇದ್ಯಾ?"

"ಇದೆ. ಬತ್ತಿರ್ಬೇಕು."

"ಬತ್ತಿರ್ಬೇಕಂತೆ! ಹಳಿ ಬಗ್ಗಿರ್ಬೇಕು, ಊರು ಎದ್ದು ಆಚೆ ಕೂತಿರ್ಬೇಕು, ನೀನು ಮಾತ್ರ ಸರಿ ಇರ್ಬೇಕು, ಅಲ್ವಾ? ಮೊದ್ಲು ಗಡಿಯಾರ ನೋಡು. ಹೊರಟು ಎಷ್ಟು ಹೊತ್ತಾಯ್ತು, ಅಷ್ಟರೊಳಗೆ ಎಲ್ಲಿರ್ಬೇಕು ಅಂತ ನಕ್ಷೇಲಿ ಹುಡುಕು. ಆಮೇಲೆ ನೆಲ ನೋಡು. ಕೆಳಗೆ ಕಂಡಿದ್ದನ್ನ ಎಳ್ಕೊಂಡ್ ಬಂದು ನಕ್ಷೆಗೆ ಹೊಲೀಬೇಡ."

"ಡೆಲ್ಮರ್‌ಗೂ ಇದನ್ನ ಹೇಳಿದ್ಯಾ?"

"ಹೇಳಿದೀನಿ."

"ಹೀಗೇ ಬೊಗಳ್ತಾ ಹೇಳಿದ್ಯಾ?"

"ಇದಕ್ಕಿಂತ ಜೋರಾಗಿ."

ಯಾವ ಪಾಠ ಮುಗಿದರೂ ಅವಳದು ಇದೇ ಪ್ರಶ್ನೆ. ಅಡ್ಡಗಾಳಿ ಬೀಸಿದರೆ ವಿಮಾನದ ಮೂತಿಯನ್ನು ಎಷ್ಟು ಓರೆ ಹಿಡಿಯಬೇಕು, ಪೆಟ್ರೋಲಿನ ಮಟ್ಟ ತೋರಿಸುವ ಮುಳ್ಳನ್ನು ನಂಬದೆ ಹೊರಡುವ ಮುಂಚೆ ತೊಟ್ಟಿಯೊಳಕ್ಕೆ ಕಡ್ಡಿ ಇಳಿಸಿ ನೋಡಬೇಕು, ದಾರಿ ತಪ್ಪಿತು ಅನ್ನಿಸಿದರೆ ಹುಡುಕುತ್ತಾ ಅಲೆಯದೆ ಗೊತ್ತಿರುವ ಹಳಿಯನ್ನೋ ಹೊಳೆಯನ್ನೋ ಹಿಡಿಯಬೇಕು. "ಇದನ್ನ ಅವನಿಗೆ ಹೇಳಿದ್ಯಾ?" "ಹೇಳಿದೀನಿ." ಸುಳ್ಳು ಹಿಡಿಯಲು ಕಾದು ಕೂತ ವಕೀಲನ ಥರ ಅವಳು ಕೇಳುತ್ತಿದ್ದಳು. ಅವನು ಹಲ್ಲು ಕಚ್ಚಿಕೊಂಡು ಉತ್ತರ ಕೊಡುತ್ತಿದ್ದ.

ಡೆಲ್ಮರ್ ಸತ್ತ ಬ್ಯಾಡ್ಜರ್ ಕಣಿವೆಗೂ ಅವಳನ್ನು ಕರೆದುಕೊಂಡು ಹೋದ. ಮೋಡ ತಗ್ಗಿ ಬೆಟ್ಟದ ತಲೆ ಮುಚ್ಚಿತ್ತು. "ನಡುಮಧ್ಯ ಹೋಗ್ಬೇಡ, ಒಂದು ಗೋಡೆಗೆ ಅಂಟ್ಕೊಂಡು ಹೋಗು. ವಾಪಸ್ ತಿರುಗ್ಬೇಕಾದ್ರೆ ಕಣಿವೆ ಪೂರ್ತಿ ಅಗಲ ನಿಂಗೆ ಸಿಗ್ಬೇಕು," ಅಂದ. ಇನ್ನೊಂದು ಸ್ವಲ್ಪ ಮುಂದೆ ಹೋದದ್ದೇ "ಈಗ! ತಿರುಗ್ಸು!" ಎಂದು ಕಿರುಚಿದ. ಅವಳು ತಿರುಗಿಸಿದಳು. ಹಾಗೆ ಎಷ್ಟೋ ಸಲ ಹೋದರು, ಎಷ್ಟೋ ಸಲ ಅವನು ಕಿರುಚಿದ, ಅವಳು ತಿರುಗಿಸಿದಳು.

ಬೇಸಿಗೆ ಕಳೆಯುವ ಹೊತ್ತಿಗೆ ಅವಳಿಗೆ ಅವನ ಪಾಠದಲ್ಲಿ ಹಿಡಿಯಲು ತಪ್ಪೇ ಸಿಕ್ಕಿರಲಿಲ್ಲ. ಅದರಿಂದ ಅವಳ ಸಿಟ್ಟು ಇನ್ನೂ ಹೆಚ್ಚಾಯಿತು.

ಗೋಧಿ ಕಟಾವು ಮುಗಿದ ಮೇಲೆ ಅವಳು ಒಬ್ಬಳೇ ಮಾಡಬೇಕಾದ ದೂರದ ಹಾರಾಟ ಬಂತು. ಗ್ಯಾರಿಟಿಯಿಂದ ಸೆಂಟಿನೆಲ್, ಅಲ್ಲಿಂದ ಬೆಟ್ಟದಾಚೆಯ ಕೀಫರ್, ಅಲ್ಲಿಂದ ಕಣಿವೆ ದಾಟಿ ಮನೆಗೆ. ಬೆಳಿಗ್ಗೆ ಆಕಾಶ ತೊಳೆದ ತಟ್ಟೆ. ಸ್ಕೋಗನ್ ಅವಳ ನಕ್ಷೆಯ ಮೇಲಿನ ಗೆರೆಗಳನ್ನು ನೋಡಿ, ಹುಡುಕಿ ಹುಡುಕಿ ಒಂದೂ ತಪ್ಪು ಸಿಗದೆ, "ಪೆನ್ಸಿಲ್ ಮೊಂಡಾಗಿದೆ," ಅಂದ.

ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ಉತ್ತರದಿಂದ ಬೀಸತೊಡಗಿತು. ಕೀಫರಿನಿಂದ ಹೊರಟ ಅಲ್ವೀನಾ ಕಣಿವೆಯ ಬಾಯಿಗೆ ಬಂದಾಗ ಮೋಡ ಎರಡೂ ಬೆಟ್ಟಗಳ ಹೆಗಲಿಗೆ ಇಳಿದಿತ್ತು. ಆದರೆ ಮೋಡದ ಕೆಳಗೆ ದಾರಿ ಖಾಲಿ ಇತ್ತು. ಆ ತುದಿಯಲ್ಲಿ ಬಿಸಿಲು ಬಿದ್ದ ಹಳದಿ ಹೊಲ ಕಾಣುತ್ತಿತ್ತು. ಅವಳು ಬಲಗಡೆಯ ಗೋಡೆ ಹಿಡಿದು ಒಳಗೆ ಹೋದಳು. ಹಳದಿ ಚುಕ್ಕೆ ಚಿಕ್ಕದಾಗುತ್ತಾ ಬಂತು. ಗಾಜಿನ ಮೇಲೆ ಹನಿ ಹತ್ತಿತು.

ಮುಂದಿನದನ್ನು ಅವಳೇ ನನಗೆ ಹೇಳಿದ್ದು. "ನಾನು ಕಾಯ್ತಾ ಕೂತಿದ್ದೆ ಮೇವಿಸ್. ಪಕ್ಕದ ಸೀಟು ಖಾಲಿ ಅಂತ ಗೊತ್ತು. ಆದ್ರೂ ಆ ಮುದಿಗೂಬೆ 'ಈಗ' ಅಂತ ಕಿರುಚ್ತಾನೆ ಅಂತ ಕಿವಿ ಕಾಯ್ತಾ ಇತ್ತು. ಅವನು ಕಿರುಚಿಲ್ಲ ಅಂದ್ರೆ ಇನ್ನೂ ಹೋಗ್ಬಹುದು ಅಂತ ಕೈ ಸುಮ್ನಿತ್ತು. ಆಗ ಗೊತ್ತಾಯ್ತು ನಂಗೆ. ಡೆಲ್ಮರ್ ಕೂಡ ಹೀಗೇ ಕೂತಿದ್ದ."

ಬಿಸಿಲಿನ ಚುಕ್ಕೆ ಪೂರ್ತಿ ಆರಿಹೋಯಿತು. ಅವಳು ವಿಮಾನವನ್ನು ಎಡಕ್ಕೆ ಒರಗಿಸಿದಳು. ಎದುರಿನ ಬೆಟ್ಟದ ಕಪ್ಪು ಪೈನ್ ಮರಗಳು ಬಾಗಿಲಿನ ಗಾಜಿನ ತುಂಬ ಬಂದು, ನಿಧಾನವಾಗಿ ಪಕ್ಕಕ್ಕೆ ಸರಿದವು. ಕಣಿವೆಯ ಬಾಯಿ ಮತ್ತೆ ಎದುರಿಗೆ ಬಂತು. ಕೀಫರಿನಲ್ಲಿ ಇಳಿದು, ವಿಮಾನವನ್ನು ಹಗ್ಗದಿಂದ ಬಿಗಿದು, ಫೋನು ಮಾಡಿದಳು.

ಸ್ಕೋಗನ್ ಆ ಮಧ್ಯಾಹ್ನವೆಲ್ಲ ನನ್ನ ರೇಡಿಯೋದ ಪಕ್ಕ ನಿಂತೇ ಇದ್ದ. ಬೀಜದ ಪೊಟ್ಟಣ ಮುಟ್ಟಿರಲಿಲ್ಲ. ಫೋನು ಕಿವಿಗಿಟ್ಟು ಅವನು ಕೇಳಿದ್ದು, "ವಿಮಾನ ನೆಟ್ಟಗಿದ್ಯಾ?"

"ನಾನೂ ನೆಟ್ಟಗಿದೀನಿ."

"ಅದನ್ನ ಕೇಳ್ಲಿಲ್ಲ," ಎಂದು ಇಟ್ಟುಬಿಟ್ಟ. ಆಮೇಲೆ ಬೀಜದ ಪೊಟ್ಟಣಕ್ಕೆ ಕೈ ಹಾಕಿದ.

ಮರುದಿನ ಆಕಾಶ ತಿಳಿಯಾದ ಮೇಲೆ ಅವಳು ಬಂದಿಳಿದಳು. ಎಂಜಿನ್ ಆರಿಸಿದವಳೇ ನೇರವಾಗಿ ಅವನ ಎದುರಿಗೆ ಬಂದು ನಿಂತಳು. ನಾನು ಪೆಟ್ರೋಲಿನ ಕೊಳವೆ ಹಿಡಿದು ಅಲ್ಲೇ ಇದ್ದೆ.

"ಸಿಕ್ತು ನಂಗೆ," ಅಂದಳು. "ನೀನು ಡೆಲ್ಮರ್‌ಗೆ ತಿರುಗೋದು ಕಲಿಸ್ಲೇ ಇಲ್ಲ."

"ಏನಂದೆ? ಅದೇ ಕಣಿವೇಲಿ ನೂರು ಸಲ ಹೇಳಿದೀನಿ ಅವನಿಗೆ!"

"ಹೌದು. ನೂರು ಸಲವೂ ನೀನೇ ಹೇಳ್ದೆ. ಅವನು ಒಂದ್ ಸಲನಾದ್ರೂ ತಾನಾಗೇ ತಿರುಗಿಸಿದ್ನಾ? ನೀನು ಬಿಟ್ಯಾ? ನೀನು ಕೂಗಿದಾಗ ತಿರುಗೋದು ಕಲಿಸ್ದೆ ಅಷ್ಟೇ. ಆವತ್ತು ನೀನು ಮನೇಲಿ ಕೂತಿದ್ದೆ. ಯಾರು ಕೂಗ್ಬೇಕಿತ್ತು?"

ಸ್ಕೋಗನ್ನನ ಮುಖ ಕೆಂಪಾಗಿ, ಆಮೇಲೆ ಬಿಳಿಯಾಯಿತು. ಅವನು ಸುಮ್ಮನಿರುವ ಮನುಷ್ಯನಲ್ಲ.

"ನಾನೊಬ್ನೇನಾ ಅವನಿಗೆ ಕೂಗಿದ್ದು? ಕುರಿ ಯಾವಾಗ ಬಿಡ್ಬೇಕು, ಬೂಟು ಎಲ್ಲಿ ಕಳಚ್ಬೇಕು, ಯಾರ ಹತ್ರ ಮಾತಾಡ್ಬೇಕು, ಯಾರ ಹತ್ರ ಬಿಡ್ಬೇಕು, ಇದನ್ನೆಲ್ಲ ಅವನಿಗೆ ಹೇಳ್ತಿದ್ದೋರು ಯಾರು ತಾಯೀ? ನನ್ ಹತ್ರ ಬರೋ ಹೊತ್ತಿಗೇ ಅವನು 'ಆಯ್ತು ಆಯ್ತು' ಅನ್ನೋ ಗಿಣಿ ಆಗಿದ್ದ. ಆ ಗಿಣಿನ ಸಾಕ್ದೋಳು ನೀನು."

ನನಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು. ಅಲ್ವೀನಾ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಹೋಗಿ ಟ್ರಕ್ಕಿನಲ್ಲಿ ಕೂತಳು. ತುಂಬ ಹೊತ್ತು ಹೊರಡಲೇ ಇಲ್ಲ. ಸ್ಕೋಗನ್ ಹಿಂದಿನ ಶೆಡ್ಡಿಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡ.

ಆಮೇಲೆ ಅವಳು ಬಯಲಿನ ಕಡೆ ಸುಳಿಯಲಿಲ್ಲ. ಅವನು ಅವಳ ಹೆಸರೆತ್ತಲಿಲ್ಲ. ಇಬ್ಬರೂ ನನ್ನ ಹತ್ತಿರ ದೂರು ಹೇಳುವುದನ್ನು ಕೂಡ ಬಿಟ್ಟರು. ಮೊದಲ ಹಿಮ ಬಿದ್ದು ಕರಗಿದ ಮೇಲೆ ಒಂದು ಬೆಳಿಗ್ಗೆ ಸ್ಕೋಗನ್ ನನ್ನ ಮೇಜಿನ ಫೋನೆತ್ತಿ, "ನಿಂದು ಇನ್ನೊಂದು ಪಾಠ ಬಾಕಿ ಇದೆ. ಬರ್ತೀಯೋ, ಹೆದರಿದ್ಯೋ?" ಅಂದ.

ಬಂದಳು. ಮೋಡ ಕೆಳಗಿದ್ದ ದಿನವನ್ನೇ ಅವನು ಆರಿಸಿದ್ದ. ಹತ್ತುವ ಮುಂಚೆ ಬಾಯಿ ತುಂಬ ಬೀಜ ತುಂಬಿಕೊಂಡ. "ಕಣಿವೆಗೆ ಹೋಗು," ಎಂದದ್ದೇ ಕೊನೆಯ ಮಾತು. ಅವಳು ಹೋದಳು. ಮೋಡ ಇಳಿಯಿತು, ಅವನು ಸುಮ್ಮನಿದ್ದ. ಗಾಜಿಗೆ ಹನಿ ಹತ್ತಿತು, ಸುಮ್ಮನಿದ್ದ. ಬೇಕೆಂದೇ ಅವಳು ಇನ್ನೂ ಸ್ವಲ್ಪ ಮುಂದೆ ಹೋದಳಂತೆ, ಅವನು ಬಾಯಿ ಬಿಡಲಿ ಎಂದು. ಅವನ ಕೈ ಸೀಟಿನ ಅಂಚನ್ನು ಹಿಡಿದು ಬೆಳ್ಳಗಾಗಿತ್ತು, ಆದರೂ ಸುಮ್ಮನಿದ್ದ. ಅವಳೇ ತಿರುಗಿಸಿದಳು.

ಇಳಿದ ಮೇಲೆ ಅವನು ಬಾಯಲ್ಲಿದ್ದ ಬೀಜವನ್ನೆಲ್ಲ ಹುಲ್ಲಿನ ಮೇಲೆ ಉಗಿದ. ಒಂದನ್ನೂ ಅಗಿದಿರಲಿಲ್ಲ.

"ಹೋಗಿ ಲೈಸೆನ್ಸ್ ಪರೀಕ್ಷೆ ತಗೋ. ಮತ್ತೆ ನನ್ ಕಣ್ಣಿಗೆ ಬೀಳ್ಬೇಡ."

"ನೀನು ಬೀಳ್ದೇ ಇದ್ರೆ ಸಾಕು," ಅಂದಳು.

ಪರೀಕ್ಷೆಯಲ್ಲಿ ಪಾಸಾದಳು. ಹಳೆಯ ವಿಮಾನವೊಂದನ್ನು ಕೊಂಡು ಮನೆಯ ಹಿಂದಿನ ಹುಲ್ಲುಗಾವಲಲ್ಲೇ ಇಳಿಸುತ್ತಿದ್ದಳು. ಕಾಡುನಾಯಿ ಓಡಿಸಲು, ಹಿಮದಲ್ಲಿ ಸಿಕ್ಕಿಕೊಂಡ ಮಂದೆ ಹುಡುಕಲು, ದೂರದ ಸಂತೆಗಳಿಗೆ ಹೋಗಿ ಟಗರು ನೋಡಲು ವರ್ಷಗಟ್ಟಲೆ ಹಾರಿದಳು. ಎಷ್ಟೋ ಸಲ ಅರ್ಧ ದಾರಿಯಿಂದ ವಾಪಸು ಬಂದಳು. ಸಂತೆ ತಪ್ಪಿತಲ್ಲಾ ಎಂದು ಯಾರಾದರೂ ನಕ್ಕರೆ ಅವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. ಅವಳ ಕುರಿ ಕೆಲಸ ನೋಡಿಕೊಳ್ಳುತ್ತಿದ್ದ ಅಳಿಯನಿಗೆ ಮಾತ್ರ ಇದು ಮಾಡು ಅದು ಮಾಡು ಎನ್ನುವುದನ್ನು ಕಡಿಮೆ ಮಾಡಿದಳು ಎಂದು ಅವಳ ಮಗಳು ಹೇಳುತ್ತಿದ್ದಳು. ನಾನು ಕಣ್ಣಾರೆ ನೋಡಿಲ್ಲ.

ಸ್ಕೋಗನ್ ಆಮೇಲಿನ ಶಿಷ್ಯರನ್ನೆಲ್ಲ ಬಾಯಿ ಮುಚ್ಚಿಕೊಂಡೇ ಕಣಿವೆಗೆ ಕರೆದುಕೊಂಡು ಹೋದ. ಒಬ್ಬ ಬ್ಯಾಂಕಿನವನು ಅವನನ್ನು ಎಷ್ಟು ಒಳಗೆ ಒಯ್ದನೆಂದರೆ, ಇಳಿದ ಮೇಲೆ ಸ್ಕೋಗನ್ ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡ. ಇದು ಯಾರಿಂದ ಕಲಿತದ್ದು ಎಂದು ನಾನೊಮ್ಮೆ ಕೇಳಿದ್ದಕ್ಕೆ ಒಂದು ವಾರ ನನ್ನ ಕಾಫಿ ಕುಡಿಯಲಿಲ್ಲ.

ಅವನು ಸತ್ತದ್ದು ಎಷ್ಟೋ ವರ್ಷದ ಮೇಲೆ, ಒಂದು ಮಾರ್ಚಿನಲ್ಲಿ, ನಿದ್ದೆಯಲ್ಲಿ. ಅವನಿಂದ ಕಲಿತವರೆಲ್ಲ ಮಣ್ಣಿಗೆ ಬಂದರು, ಬ್ಯಾಂಕಿನವನೂ ಬಂದ. ಅಲ್ವೀನಾ ಬರಲಿಲ್ಲ. ಆವತ್ತು ಕುರಿಗಳ ಉಣ್ಣೆ ಕತ್ತರಿಸುತ್ತಿದ್ದಳಂತೆ. ಫೋನಿನಲ್ಲಿ ನಾನು ರೇಗಿದೆ. "ಒಂದು ದಿನ ಕುರಿ ಕಾಯ್ತಿರ್ಲಿಲ್ವಾ? ನಿನ್ನನ್ನ ಬದುಕಿಸಿದ್ದು ಅವನು ಕಣೇ."

"ಬದುಕಿಸ್ದ. ಅದೂ ನಿಜ, ಇನ್ನೊಂದೂ ನಿಜ," ಅಂದಳು. "ಎರಡನ್ನೂ ಇಟ್ಕೊಂಡು ಅಲ್ಲಿ ಬಂದು ಪ್ರಾರ್ಥನೆ ಹಾಡು ಹೇಳೋಕೆ ನನ್ ಕೈಲಾಗಲ್ಲ."

ಆಮೇಲೆ ನಾವಿಬ್ಬರೂ ತಿಂಗಳುಗಟ್ಟಲೆ ಮಾತಾಡಲಿಲ್ಲ. ಜೂನಿನಲ್ಲಿ ಅವಳ ವಿಮಾನ ಪೆಟ್ರೋಲಿಗೆ ಬಂದು ನಿಂತಿತು. ಕೆಳಗಿಳಿದು, "ತುಂಬ್ಸು," ಅಂದಳು. ತುಂಬಿಸಿದೆ. ಬಂದವರಿಗೆಲ್ಲ ಮುಂದಿನ ಗಾಜು ಒರೆಸಿಕೊಡುವುದು ನನ್ನ ರೂಢಿ. ಅವಳದರ ಮೇಲೆ ಸತ್ತ ಹುಳುಗಳು ದಪ್ಪಗೆ ಅಂಟಿದ್ದವು. "ನೀನೇ ಒರೆಸ್ಕೋ," ಎಂದು ಬಟ್ಟೆಯನ್ನು ಅವಳ ಕೈಗೆ ಕೊಟ್ಟು ಒಳಗೆ ಬಂದೆ.