ಮಾಳಪ್ಪನಿಗೆ ಕಲಿಸಿದ ಪಾಠ

2022ರಲ್ಲಿ ನಾನು ಗಡಿಯಂಚಿನ ನಮ್ಮ ಊರು ಜತ್ತದಲ್ಲಿ ಬೈಕ್ ಓಡಿಸುವುದನ್ನು ಕಲಿಸುತ್ತಿದ್ದೆ. ಅದಕ್ಕೂ ಮೊದಲು ಪುಣೆ ಕಡೆಯ ಒಂದು ಕಂಪನಿಯಲ್ಲಿ ಟೆಸ್ಟ್ ರೈಡರ್ ಆಗಿದ್ದೆ. ಹೊಸ ಗಾಡಿ ಪೇಟೆಗೆ ಬರುವ ಮುಂಚೆ ಅದನ್ನು ಓಡಿಸಿ, ಎಲ್ಲಿ ನಡುಗುತ್ತದೆ, ಎಲ್ಲಿ ಜಾರುತ್ತದೆ ಎಂದು ಎಂಜಿನಿಯರುಗಳಿಗೆ ಹೇಳುವ ಕೆಲಸ ಅದು. ಬೆನ್ನು ಕೈಕೊಟ್ಟ ಮೇಲೆ ಊರಿಗೆ ಬಂದು, ಮನೆಯ ಪಕ್ಕದ ಷೆಡ್ಡಿನಲ್ಲಿ ಸಣ್ಣ ಗ್ಯಾರೇಜು ತೆರೆದು, ಜೊತೆಗೆ ಈ ತರಬೇತಿ ಶುರು ಮಾಡಿದೆ.

ಗಾಡಿ ಓಡಿಸುವುದನ್ನು ಕಲಿಯಲು ಯಾರಾದರೂ ಬರುತ್ತಾರೆಯೇ ಎಂದು ನನ್ನ ಅಣ್ಣನೇ ನಕ್ಕಿದ್ದ. ಬಂದರು. ಮುಂದಕ್ಕೆ ಬಾಗಿ, ಟ್ಯಾಂಕಿಗೆ ಎದೆ ಹಚ್ಚಿ ಕೂರುವ ಸ್ಪೋರ್ಟ್ ಬೈಕುಗಳು ಆಗಲೇ ನಮ್ಮ ತಾಲ್ಲೂಕಿನ ಹಳ್ಳಿಗಳನ್ನೂ ಮುಟ್ಟಿದ್ದವು. ದನದ ಸಂತೆ ಇಲ್ಲದ ದಿನ ಸಂತೆಯ ಬಯಲಿನಲ್ಲಿ ಬ್ರೇಕ್ ಹಾಕುವುದನ್ನು ಕಲಿಸುತ್ತಿದ್ದೆ. ವರ್ಷಕ್ಕೊಂದೆರಡು ಸಲ ಆಸಕ್ತರನ್ನು ಟ್ರ್ಯಾಕ್ ಡೇಗೆ ಕರೆದೊಯ್ಯುತ್ತಿದ್ದೆ. ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ರೇಸಿನ ರಸ್ತೆಯನ್ನು ಒಂದು ದಿನ ಸಾಮಾನ್ಯ ಸವಾರರಿಗೆ ಬಿಟ್ಟುಕೊಡುತ್ತಾರೆ. ಎದುರಿನಿಂದ ಲಾರಿ ಬರುವುದಿಲ್ಲ, ನಾಯಿ ಅಡ್ಡ ಬರುವುದಿಲ್ಲ, ಆಂಬ್ಯುಲೆನ್ಸ್ ಪಕ್ಕದಲ್ಲೇ ನಿಂತಿರುತ್ತದೆ.

ಆ ವರ್ಷ ನನ್ನಲ್ಲಿ ಕಲಿಯುತ್ತಿದ್ದವರಲ್ಲಿ ಅಭಿಜಿತ ಮತ್ತು ಮಾಳಪ್ಪ ಎಂಬ ಇಬ್ಬರಿದ್ದರು. ಅಭಿಜಿತ ಜತ್ತದವನು, ಅಪ್ಪನ ಟೈಲ್ಸ್ ಅಂಗಡಿ ನೋಡಿಕೊಳ್ಳುತ್ತಿದ್ದ. ಕೈಗೆ ಹದವಿತ್ತು, ಧೈರ್ಯವಿತ್ತು, ಹೆಲ್ಮೆಟ್ಟಿಗೆ ಕ್ಯಾಮರಾ ಇತ್ತು. ಅವನ ವಿಡಿಯೋಗಳನ್ನು ನೋಡುವವರು ಬಹಳ ಜನ. ಮಾಳಪ್ಪ ಸೋನ್ಯಾಳದವನು. ಮನೆಯವರು ಕುರಿ ಕಾಯುವವರು, ಇವನು ಐಟಿಐ ಓದಿ ಪವನಚಕ್ಕಿ, ಅಂದರೆ ಗಾಳಿಯಿಂದ ವಿದ್ಯುತ್ ತೆಗೆಯುವ ಯಂತ್ರಗಳ ರಿಪೇರಿಗೆ ಸೇರಿದ್ದ. ಆಳೆತ್ತರದ ಏಣಿ ಹತ್ತಲು ಹೆದರುವ ನಾನು, ಅವನು ಆ ಕಂಬಗಳ ತುದಿಗೆ ಏರಿ ನಿಂತು ಕೆಲಸ ಮಾಡುತ್ತೇನೆಂದಾಗ ಬೆರಗಾಗಿದ್ದೆ. ಬೈಕಿನ ಮೇಲೆ ಮಾತ್ರ ಅವನು ನಿಧಾನ. ತಿರುವಿಗೆ ಬಹಳ ಮುಂಚೆಯೇ ಬ್ರೇಕ್ ಹಿಡಿಯುತ್ತಿದ್ದ.

ಅಭಿಜಿತ ಅವನನ್ನು ‘ಕುರಿ’ ಎಂದೇ ಕರೆಯುತ್ತಿದ್ದ. “ಕುರಿಗಿ ದಾರಿ ಗೊತ್ತಿರಂಗಿಲ್ರಿ ಸರ್, ಮುಂದಿಂದರ ಬಾಲ ಅಷ್ಟ ಗೊತ್ತು,” ಎಂದು ಎಲ್ಲರೆದುರು ಹೇಳಿ ನಗಿಸುತ್ತಿದ್ದ. ಮಾಳಪ್ಪನೂ ನಗುತ್ತಿದ್ದ. ಅವನಿಗೆ ಅಭಿಜಿತನ ಗುಂಪಿನಲ್ಲಿ ಇರುವುದೇ ದೊಡ್ಡದಾಗಿತ್ತು.

ಆ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಗುಂಪಿನ ನಾಲ್ವರು ನನಗೆ ಹೇಳದೆ ಒಂದು ಗುಡ್ಡದ ರಸ್ತೆಗೆ ಹೋದರು. ಅಲ್ಲಿ ಇಳಿಜಾರಿನಲ್ಲಿ ಬಲಕ್ಕೊಂದು ತಿರುವಿದೆ. ನೋಡಲು ಸಲೀಸು, ಒಳಗೆ ಹೋದಷ್ಟೂ ಬಿಗಿಯಾಗುತ್ತ ಹೋಗುವಂಥದ್ದು. ಅಭಿಜಿತನಿಗೆ ಆ ತಿರುವು ಅಂಗೈಯಷ್ಟು ಪರಿಚಿತ. ಮಾಳಪ್ಪ ಆ ರಸ್ತೆಗೆ ಬಂದದ್ದು ಅದೇ ಮೊದಲು.

“ನನ್ನ ಹಿಂದ ಬಾ. ನಾ ಬ್ರೇಕ್ ಹಿಡದಲ್ಲಿ ನೀನೂ ಹಿಡಿ, ಮತ್ತೇನೂ ನೋಡಬ್ಯಾಡ,” ಎಂದು ಅಭಿಜಿತ ಹೇಳಿದನಂತೆ.

ಮಾಳಪ್ಪ ಹಾಗೆಯೇ ಮಾಡಿದ. ಮುಂದಿನ ಗಾಡಿಯ ಕೆಂಪು ದೀಪ ಹತ್ತುವುದನ್ನೇ ಕಾಯುತ್ತ ಹೋದ. ದೀಪ ಹತ್ತಲೇ ಇಲ್ಲ. ತಿರುವು ಬಿಗಿಯಾದಾಗ ಗಾಬರಿಯಾಗಿ ವಾಲಿದ ಗಾಡಿಯಲ್ಲೇ ಬ್ರೇಕ್ ಒತ್ತಿದ. ಗಾಡಿ ಬಲಕ್ಕೆ ಬಿದ್ದು, ಅವನ ಕಾಲನ್ನು ಅಡಿಗೆ ಹಾಕಿಕೊಂಡು ಜಾರುತ್ತ ಹೋಗಿ ರಸ್ತೆಯಂಚಿನ ಕಲ್ಲಿಗೆ ಬಡಿಯಿತು.

ಗುಂಪಿನ ಹುಡುಗನೊಬ್ಬ ನನಗೆ ಫೋನ್ ಮಾಡಿದ. ನಾನು ಜೀಪು ತೆಗೆದುಕೊಂಡು ಹೋದಾಗಲೂ ಮಾಳಪ್ಪ ಅಲ್ಲೇ ಬಿದ್ದಿದ್ದ. ಇಬ್ಬರು ಅವನ ತಲೆ ಹಿಡಿದು ಕೂತಿದ್ದರು. ಅಭಿಜಿತ ಸುತ್ತ ಓಡಾಡುತ್ತ ವಿಡಿಯೋ ತೆಗೆಯುತ್ತಿದ್ದ. ಬೂಟಿನ ಒಳಗೆ ಪಾದ ಯಾವ ಕಡೆ ಮುಖ ಮಾಡಿದೆ ಎಂಬುದು ತಿಳಿಯುತ್ತಿರಲಿಲ್ಲ. ಮಾಳಪ್ಪ ಕಿರುಚಲಿಲ್ಲ. ನನ್ನ ಕೈ ಹಿಡಿದು, “ಲೈಟ್ ಹತ್ತಲಿಲ್ರಿ ಸರ್,” ಎಂದ. ಮಿರಜದ ಆಸ್ಪತ್ರೆ ಮುಟ್ಟುವವರೆಗೂ ಅದನ್ನೇ ಹೇಳುತ್ತಿದ್ದ. ಮರುದಿನ ಅಲ್ಲಿನ ಡಾಕ್ಟರು ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಹಾಕಿದರು.

ಕೆಲವು ದಿನಗಳ ನಂತರ ಅಭಿಜಿತ ಚೈನ್ ಬಿಗಿ ಮಾಡಿಸಲು ನನ್ನ ಗ್ಯಾರೇಜಿಗೆ ಬಂದ. ಹ್ಯಾಂಡಲ್ ಕೆಳಗೆ ಒಂದು ಸಣ್ಣ ಸ್ವಿಚ್ ಕಂಡಿತು. ತಂತಿ ಹಿಡಿದು ನೋಡಿದೆ. ಅದು ಬ್ರೇಕ್ ದೀಪದ ತಂತಿ. ಸ್ವಿಚ್ ಒತ್ತಿದರೆ ಬ್ರೇಕ್ ಹಿಡಿದರೂ ಹಿಂದೆ ದೀಪ ಹತ್ತುವುದಿಲ್ಲ.

“ಇದು ಯಾಕ?” ಎಂದೆ.

“ಚ್ಯಾಷ್ಟಿರಿ ಸರ್. ಒಂದೀಟು ಅಂಜಲಿ ಅಂತ. ಅಂವ ಬೀಳತಾನಂತ ಯಾರಿಗಿ ಗೊತ್ತಿತ್ತು?”

“ಅವನ ಮನಿಗಿ ಹೋಗಿ ಹೇಳ್ತೀಯೇನು?”

“ಹೇಳಿದ್ರ ಕಾಲ ಬರತದೇನ್ರಿ?” ಎಂದು ಹೆಲ್ಮೆಟ್ ಹಾಕಿಕೊಂಡ.

ನಾನೇ ಸೋನ್ಯಾಳಕ್ಕೆ ಹೋಗಿ ಹೇಳಿದೆ. ಪೊಲೀಸರಿಗೆ ದೂರು ಕೊಡುವುದಾದರೆ ಆ ಸ್ವಿಚ್ಚಿನ ಬಗ್ಗೆ ಸಾಕ್ಷಿ ಹೇಳುತ್ತೇನೆ ಎಂದೆ. ಮಾಳಪ್ಪ ಹೊರಸಿನ ಮೇಲೆ ಮಲಗಿದ್ದ. ಅವನ ತಂದೆ ನನ್ನ ಕಡೆ ನೋಡಿದರು, ಮಗನ ಕಡೆ ನೋಡಿದರು. ಮಾಳಪ್ಪ, “ಬ್ಯಾಡ್ರಿ ಸರ್. ದೋಸ್ತ ಅದಾನ,” ಎಂದ. ಆ ಹುಡುಗನ ಮನಸ್ಸು ದೊಡ್ಡದು ಎಂದುಕೊಂಡು ನಾನು ಮರಳಿದೆ.

ಕೃತಕ ಕಾಲು ಬಂದಿತು. ಕಂಪನಿಯವರು ಅವನನ್ನು ಕಂಬ ಹತ್ತುವ ಕೆಲಸದಿಂದ ತೆಗೆದು ಸ್ಟೋರಿನಲ್ಲಿ ಕೂರಿಸಿದರು. ನಟ್ಟು ಬೋಲ್ಟು ಕೊಡುತ್ತ, ಬೇರೆಯವರು ಮೇಲೆ ಹೋಗುವುದನ್ನು ಕೆಳಗಿನಿಂದ ನೋಡುವ ಕೆಲಸ. ಒಂದು ದಿನ ಅವನು ನನ್ನ ಗ್ಯಾರೇಜಿಗೆ ಬಂದಾಗ ಅಭಿಜಿತನ ಗುಂಪು ಅಲ್ಲೇ ಚಹಾ ಕುಡಿಯುತ್ತಿತ್ತು.

“ಬರ್ರಿ, ಕುಂದ್ರಿ ಮಾಳಪ್ಪನವರ,” ಎಂದು ಅಭಿಜಿತ ಎದ್ದು ನಿಂತು ಕುರ್ಚಿ ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿ, “ಈಗರ ಲಗೂನ ಓಡಸ್ತಾನ ನೋಡ್ರಿ ಸರ್. ಬ್ರೇಕ್ ಒತ್ತೂ ಕಾಲ ಹ್ವಾತಲ್ಲ,” ಎಂದ.

ಇಬ್ಬರು ನಕ್ಕರು. ಮಾಳಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಅವರನ್ನು ಎಬ್ಬಿಸಿ ಕಳಿಸಿದೆ. ಷೆಡ್ಡು ಖಾಲಿಯಾದ ಮೇಲೆ ಮಾಳಪ್ಪ, “ನನಗ ಟ್ರ್ಯಾಕ್ ಕಲಸ್ರಿ ಸರ್,” ಎಂದ.

ಬಿದ್ದವನು ಮತ್ತೆ ಗಾಡಿ ಹತ್ತಿದರೆ ಅರ್ಧ ಗಾಯ ಮಾಯುತ್ತದೆ ಎಂದು ನಂಬಿದ ವೃತ್ತಿ ನನ್ನದು. ಒಪ್ಪಿಕೊಂಡೆ. ಹಿಂದಿನ ಚಕ್ರದ ಬ್ರೇಕನ್ನು ಬಲಗಾಲಿನಿಂದ ಒತ್ತಬೇಕು. ಅವನಿಗಾಗಿ ಅದನ್ನು ಎಡಗೈ ಹೆಬ್ಬೆರಳಿಗೆ ಸಿಗುವಂತೆ ಲಿವರ್ ಮಾಡಿ ಕೂರಿಸಿದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ರಜೆಯ ದಿನ ತಪ್ಪಿಸದೆ ಬಂದ. ಕೃತಕ ಕಾಲಿನ ತುದಿ ಉಜ್ಜಿ ರಕ್ತ ಬಂದರೂ ಬಟ್ಟೆ ಸುತ್ತಿಕೊಂಡು ಮತ್ತೆ ಹತ್ತುತ್ತಿದ್ದ.

ನಾನು ಎಲ್ಲರಿಗೂ ಕಲಿಸುವ ಪಾಠ ಮೂರೇ. ಮುಂದಿನ ಸವಾರನನ್ನು ನೋಡಿ ಬ್ರೇಕ್ ಹಾಕಬೇಡ, ರಸ್ತೆಯ ಗುರುತು ನೋಡಿ ಹಾಕು. ಹಿಂದೆ ಯಾರಿದ್ದಾರೆಂದು ನೋಡಬೇಡ, ಅವನ ಜವಾಬ್ದಾರಿ ಅವನದು. ವೇಗ ಹೆಚ್ಚಾಗಿ ತಿರುವು ತಪ್ಪಿತೆನಿಸಿದರೆ ತಿರುಗಿಸಲು ಹೋಗಬೇಡ, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಸೀದಾ ಹೋಗಿ ನಿಲ್ಲು. ರೇಸ್ ಟ್ರ್ಯಾಕಿನಲ್ಲಿ ಅದಕ್ಕೆಂದೇ ತಿರುವಿನ ಆಚೆ ಖಾಲಿ ಜಾಗ ಬಿಟ್ಟಿರುತ್ತಾರೆ. ಈ ಮೂರನೆಯ ಪಾಠವನ್ನು ಹುಡುಗರು ಬೇಸರದಿಂದ ಕಲಿಯುತ್ತಾರೆ, ಅದರಲ್ಲಿ ಮೆರೆಯುವಂಥದ್ದೇನೂ ಇಲ್ಲ. ಮಾಳಪ್ಪ ಅದನ್ನು ಸಂತೆಯ ಬಯಲಿನಲ್ಲಿ ಸುಣ್ಣದ ಗೆರೆ ಹಾಕಿಕೊಂಡು ಬೇರೆಲ್ಲಕ್ಕಿಂತ ಹೆಚ್ಚಾಗಿ ಮಾಡುತ್ತಿದ್ದ. ಒಮ್ಮೆ ಬಿದ್ದವನ ಎಚ್ಚರಿಕೆ ಎಂದು ನನಗೆ ಮೆಚ್ಚಿಗೆಯೇ ಆಗಿತ್ತು.

2024ರಲ್ಲಿ ತಮಿಳುನಾಡಿನ ಒಂದು ಟ್ರ್ಯಾಕಿಗೆ ಹೋದೆವು. ದಾಳಿಂಬೆ ಒಯ್ಯುವ ಟೆಂಪೋದಲ್ಲಿ ಬೈಕುಗಳನ್ನು ಕಟ್ಟಿ ಕಳಿಸಿದ್ದೆವು. ಅಭಿಜಿತ ನನ್ನ ತರಗತಿ ಬಿಟ್ಟಿದ್ದರೂ ತಾನೇ ಹೆಸರು ಕೊಟ್ಟು ಬಂದಿದ್ದ. ಟ್ರ್ಯಾಕಿಗೆ ಇಳಿಯುವ ಮುನ್ನ ಎಲ್ಲ ಗಾಡಿಗಳ ದೀಪಗಳಿಗೆ ಟೇಪು ಸುತ್ತಬೇಕೆಂಬುದು ನಿಯಮ. ಒಡೆದರೆ ಗಾಜು ಚೆಲ್ಲಬಾರದು, ಯಾರೂ ಇನ್ನೊಬ್ಬರ ಬ್ರೇಕ್ ದೀಪ ನಂಬಿ ಓಡಿಸಬಾರದು. ಮಾಳಪ್ಪ ತನ್ನ ಹಿಂದಿನ ದೀಪಕ್ಕೆ ನಿಧಾನವಾಗಿ, ಅಂಚು ಸವರುತ್ತ ಟೇಪು ಹಚ್ಚಿದ.

ಬೆಳಗಿನ ಸರದಿಯಲ್ಲಿ ಅವನು ಅಭಿಜಿತನನ್ನು ದಾಟಿದ. ಊಟದ ಹೊತ್ತಿಗೆ ಅಭಿಜಿತನ ಗೆಳೆಯರೇ ಅವನನ್ನು ಹಿಡಿದುಕೊಂಡರು. “ಒಂಟಿಗಾಲಿನಾಂವ ದಾಟಿ ಹ್ವಾದ್ನಲ್ಲೋ,” ಎಂದು ಊಟ ಮುಗಿಯುವವರೆಗೂ ಚುಚ್ಚಿದರು. ಅಭಿಜಿತ ತಟ್ಟೆ ಸರಿಸಿ ಎದ್ದ.

ಕೊನೆಯ ಸರದಿಯಲ್ಲಿ ನಾನು ಮೊದಲ ತಿರುವಿನ ಹತ್ತಿರ ತಡೆಗೋಡೆಯ ಹಿಂದೆ ನಿಂತಿದ್ದೆ. ಉದ್ದನೆಯ ನೇರ ರಸ್ತೆ ಮುಗಿದು ಬಲಕ್ಕೆ ತಿರುಗುವ ಜಾಗ ಅದು. ತಿರುವು ಎಷ್ಟು ಮೀಟರ್ ದೂರವಿದೆ ಎಂದು ತೋರಿಸುವ ಫಲಕಗಳಿರುತ್ತವೆ. ಮಾಳಪ್ಪ ಮುಂದೆ, ಅಭಿಜಿತ ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡಂತೆ ಹಿಂದೆ. ಕೆಲವು ಸುತ್ತು ಮಾಳಪ್ಪ ನೂರರ ಫಲಕದ ಹತ್ತಿರ ಎದ್ದು ಕೂತು ಬ್ರೇಕ್ ಹಾಕಿದ. ಅಭಿಜಿತನೂ ಅಲ್ಲೇ ಹಾಕಿದ. ಅವನು ಫಲಕ ನೋಡುತ್ತಿಲ್ಲ, ಮಾಳಪ್ಪನ ಬೆನ್ನು ನೋಡುತ್ತಿದ್ದಾನೆ ಎಂಬುದು ನನಗೆ ಕಂಡಿತು.

ಮುಂದಿನ ಸುತ್ತಿನಲ್ಲಿ ಮಾಳಪ್ಪ ನೂರರ ಫಲಕ ದಾಟಿದರೂ ಏಳಲಿಲ್ಲ. ಎದೆ ಟ್ಯಾಂಕಿಗೆ ಹಚ್ಚಿಕೊಂಡೇ ಇದ್ದ. ಐವತ್ತರದೂ ಹಿಂದೆ ಬಿತ್ತು. ಆಗ ಎದ್ದ, ಗಾಡಿಯನ್ನು ನೆಟ್ಟಗೆ ಹಿಡಿದ, ತಿರುವಿನ ಕಡೆ ತಲೆಯನ್ನೂ ತಿರುಗಿಸದೆ ಖಾಲಿ ಜಾಗಕ್ಕೆ ಸೀದಾ ಹೋದ. ಸಂತೆಯ ಬಯಲಿನಲ್ಲಿ ಎಷ್ಟು ಚೆಂದ ಮಾಡುತ್ತಿದ್ದನೋ ಅಷ್ಟೇ ಚೆಂದ. ಅಭಿಜಿತ ತಿರುಗಿಸಲು ನೋಡಿದ. ವಾಲಿದ ಗಾಡಿಯಲ್ಲಿ ಬ್ರೇಕ್ ಒತ್ತಿದ. ಮುಂದಿನ ಚಕ್ರ ಜಾರಿತು. ಗಾಡಿ ಒಂದು ಕಡೆ, ಅವನು ಒಂದು ಕಡೆ. ತಿರುವಿನಾಚೆ ಖಾಲಿ ಜಾಗದಲ್ಲಿ ಹಾಸಿದ್ದ ಜಲ್ಲಿಯ ಮೇಲೆ ಬಲಭುಜ ಊರಿ ಉರುಳಿದ.

ಆಂಬ್ಯುಲೆನ್ಸ್ ಹೋದ ಮೇಲೆ ಮಾಳಪ್ಪ ಗಾಡಿ ತಳ್ಳಿಕೊಂಡು ಬಂದ. ಬೆವರು ಒರೆಸಿಕೊಳ್ಳುತ್ತಿದ್ದ.

“ಏನಾತು?” ಎಂದೆ.

“ಬ್ರೇಕ್ ತಡ ಆತ್ರಿ ಸರ್. ನೀವ ಹೇಳಿದಂಗ ನೆಟ್ಟಗ ಹ್ವಾದೆ.”

“ಹಿಂದ ಅಭಿಜಿತ ಇದ್ದದ್ದು ಗೊತ್ತಿತ್ತೇನು?”

“ಹಿಂದಿನಾಂವನ್ನ ನೋಡಬ್ಯಾಡ ಅಂದಿದ್ರಿ.”

ಟ್ರ್ಯಾಕಿನ ವ್ಯವಸ್ಥಾಪಕರಿಗೆ ನನ್ನ ಅನುಮಾನ ಹೇಳಿದೆ. ಅವರು ವಿಡಿಯೋ ನೋಡಿದರು. ಮುಂದಿನವನು ತಿರುವು ತಪ್ಪಿ ಸರಿಯಾದ ರೀತಿಯಲ್ಲಿ ಹೊರಗೆ ಹೋಗಿದ್ದಾನೆ, ಹಿಂದಿನವನು ತನ್ನ ಬ್ರೇಕ್ ತಾನು ನೋಡಿಕೊಳ್ಳಬೇಕಿತ್ತು ಎಂದರು. ನಿಯಮದ ಪ್ರಕಾರ ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಅಭಿಜಿತನ ಮೂಳೆಗಳು ಕೂಡಿದವು. ಕೈ ಕೂಡಲಿಲ್ಲ. ಭುಜ ಒಂದು ಕಡೆ, ತಲೆ ಇನ್ನೊಂದು ಕಡೆ ಎಳೆದಾಗ ಕೈಗೆ ಹೋಗುವ ನರಗಳು ಬೆನ್ನುಹುರಿಯಿಂದಲೇ ಕಿತ್ತುಬಂದಿದ್ದವು. ಬೈಕ್ ಸವಾರರಲ್ಲಿ ಇದನ್ನು ಹೆಚ್ಚಾಗಿ ನೋಡುತ್ತೇವೆ ಎಂದು ಡಾಕ್ಟರು ನನಗೆ ಹೇಳಿದರು. ಬಲಗೈ ಇರುತ್ತದೆ, ಅಲುಗುವುದಿಲ್ಲ. ಮುಟ್ಟಿದರೆ ತಿಳಿಯುವುದಿಲ್ಲ, ಆದರೆ ಒಳಗೆ ಬೆಂಕಿಯಲ್ಲಿಟ್ಟಂತೆ ಉರಿಯುತ್ತಲೇ ಇರುತ್ತದೆ.

ಕೆಲವು ತಿಂಗಳ ಮೇಲೆ ಒಂದು ಭಾನುವಾರ ಮಹಡಿಯ ಮೇಲಿದ್ದ ಅವನ ಮನೆಗೆ ಹೋದೆ. ಅವನ ತಾಯಿ ಬಾಗಿಲು ತೆಗೆದರು. ಕೆಳಗೆ ಕಿಟಕಿಯ ನೇರಕ್ಕೆ ಮಾಳಪ್ಪನ ಬೈಕು ನಿಂತಿತ್ತು. ಎಂಜಿನ್ ಆರಿಸಿರಲಿಲ್ಲ.

“ಆ ಸಪ್ಪಳ ಕೇಳಿದ್ರ ಅಭಿಗಿ ಚಲೋ ಆಗ್ತದ ಅಂತಾನ್ರಿ ಮಾಳಪ್ಪ,” ಎಂದರು ತಾಯಿ. “ದೋಸ್ತರೆಲ್ಲ ಬರೂದು ಬಿಟ್ರು. ಇವ ಒಬ್ಬಾಂವ ವಾರಾ ವಾರಾ ಬರ್ತಾನ. ದೇವರಂಥಾ ಹುಡುಗ.”

ಒಳಗೆ ಮಾಳಪ್ಪ ಹಾಸಿಗೆಯ ಪಕ್ಕ ಕೂತಿದ್ದ. ಬೈಕಿನ ಇನ್ನೊಂದು ಕೀಲಿಯನ್ನು ಅಭಿಜಿತನ ಬಲ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದ. “ಹಿಡಿ, ಗಟ್ಟಿ ಹಿಡಿ,” ಎಂದು ಕೈ ಬಿಟ್ಟ. ಬೆರಳು ಬಿಚ್ಚಿಕೊಂಡು ಕೀಲಿ ನೆಲಕ್ಕೆ ಬಿತ್ತು. ತಾಯಿ ಬಾಗಿ ಎತ್ತಿ ಮಾಳಪ್ಪನಿಗೇ ಕೊಟ್ಟರು. ಅವನು ಮತ್ತೆ ಅಂಗೈಯಲ್ಲಿಟ್ಟ. ಮತ್ತೆ ಬಿತ್ತು. ಅವನ ದನಿ ಎಷ್ಟು ಮೆತ್ತಗಿತ್ತೆಂದರೆ, ನನಗೆ ಹಿಂದಿನದು ಗೊತ್ತಿರದಿದ್ದರೆ ನಾನೂ ಕಣ್ಣೊರೆಸಿಕೊಳ್ಳುತ್ತಿದ್ದೆ.

ಅಭಿಜಿತ ನನ್ನನ್ನು ನೋಡಿ, “ಇವನಿಗಿ ಬರಬ್ಯಾಡ ಅಂತ ಹೇಳ್ರಿ ಸರ್,” ಎಂದ.

“ಹಂಗ್ಯಾಕ ಅಂತೀಯೋ? ನಿನ್ನ ಸಲುವಾಗಿ ಒಂದ ಕಾಲಲೆ ಅಷ್ಟ ದೂರದಿಂದ ಬರ್ತಾನ,” ಎಂದು ತಾಯಿ ಗದರಿದರು.

ಅಭಿಜಿತ ಗೋಡೆಯ ಕಡೆ ಮುಖ ಮಾಡಿದ. ಅವನು ತಾಯಿಗೆ ಏನನ್ನೂ ಹೇಳುವಂತಿರಲಿಲ್ಲ. ಹೇಳಬೇಕೆಂದರೆ ತನ್ನ ಸ್ವಿಚ್ಚಿನಿಂದ ಶುರು ಮಾಡಬೇಕು.

ಮೆಟ್ಟಿಲಿಳಿಯುವಾಗ ಮಾಳಪ್ಪನನ್ನು ತಡೆದೆ. “ಸಾಕು ಮಾಳಪ್ಪ. ಇಲ್ಲಿಗೆ ಬಿಡು.”

“ಯಾವುದ್ರಿ ಸರ್?”

“ನಿನಗ ಗೊತ್ತದ. ನನ್ನ ಕ್ಲಾಸಿಗಿ ಇನ್ನ ಬರಬ್ಯಾಡ.”

“ನಂದು ಕಲಿಯೂದು ಮುಗದೈತ್ರಿ,” ಎಂದ. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಕೃತಕ ಕಾಲನ್ನು ಎತ್ತಿ ಗಾಡಿಯ ಆಚೆ ಹಾಕಿ, ಆಕ್ಸಿಲರೇಟರನ್ನು ಎರಡು ಸಲ ಜೋರಾಗಿ ತಿರುವಿ ಹೋದ. ಮೇಲಿನ ಕಿಟಕಿಯನ್ನು ತಾಯಿ ಇನ್ನಷ್ಟು ಅಗಲ ತೆರೆದರು, ಮಗನಿಗೆ ಕೇಳಲಿ ಎಂದು.

ನಾನು ಈಗಲೂ ಕಲಿಸುತ್ತೇನೆ. ಮೊದಲು ಹೊಸಬರು ಬಂದಾಗ ಅವರ ಕೈ ನೋಡುತ್ತಿದ್ದೆ, ಕೂರುವ ಭಂಗಿ ನೋಡುತ್ತಿದ್ದೆ. ಈಗ ಮೊದಲ ದಿನವೇ ಕೂರಿಸಿ, “ಯಾರನ್ನ ಹಿಂದ ಹಾಕಬೇಕಂತ ಬಂದೀಯಪ್ಪ?” ಎಂದು ಕೇಳುತ್ತೇನೆ. ಮೊನ್ನೆ ಯಳವಿಯ ಒಬ್ಬ ಯುವಕ ಥಟ್ಟನೆ ತನ್ನ ಷಡ್ಡಕನ ಹೆಸರು ಹೇಳಿದ. ವಾಪಸ್ ಕಳಿಸಿದೆ. ಹೆಸರು ಬಾಯಿಬಿಟ್ಟು ಹೇಳುವವನಿಂದ ಅಷ್ಟೇನೂ ಅಪಾಯವಿಲ್ಲ ಎಂಬುದೂ ನನಗೆ ಗೊತ್ತಿದೆ. ಮಾಳಪ್ಪನನ್ನು ಕೇಳಿದ್ದರೆ ಅವನು ನಕ್ಕು, “ಯಾರನ್ನೂ ಇಲ್ರಿ ಸರ್,” ಎನ್ನುತ್ತಿದ್ದ. ನಾನು ನಂಬುತ್ತಿದ್ದೆ.