ಎದುರುಮನೆ ಮೇಷ್ಟ್ರ ಫೈನಲ್ ಚೀಟಿ

ಲಾಫ್ಟಿನಿಂದ ಇಳಿಸಿದ ಟ್ರಂಕು ತೆರೆದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಘಾಟ್ಕೋಪರಿನ ನಮ್ಮ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುತ್ತಾರಂತೆ, ತಿಂಗಳೊಳಗೆ ಮನೆ ಖಾಲಿ ಮಾಡಬೇಕು. ಹಳೇ ಚಾದರಗಳ ಕೆಳಗೆ ಆ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಮುಚ್ಚಳದ ಸುತ್ತ ಬ್ಯಾಂಡೇಜ್ ಪಟ್ಟಿ ಹಾಗೇ ಇತ್ತು. ಅದನ್ನು ಅಂಟಿಸಿದವರು ಎದುರುಮನೆ ಮೇಷ್ಟ್ರು. ಆರು ವರ್ಷವಾಯಿತು... ನಾನು ನೆಲದ ಮೇಲೇ ಕೂತುಬಿಟ್ಟೆ.

ಮೇಷ್ಟ್ರು ಉಡುಪಿ ಕಡೆಯವರು. ಕುರ್ಲಾದ ಒಂದು ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸಿ ರಿಟೈರ್ ಆದವರು. ಜನ್ಮದಲ್ಲಿ ರಾಕೆಟ್ ಹಿಡಿದವರಲ್ಲ. ಆದರೂ ಜುಲೈಯಲ್ಲಿ ಟಿವಿಯಲ್ಲಿ ಹುಲ್ಲಿನ ಅಂಕಣದ ಟೆನಿಸ್ ಟೂರ್ನಿ ಕ್ವಾರ್ಟರ್ ಫೈನಲಿಗೆ ಬಂತೆಂದರೆ ಲುಂಗಿ ಎತ್ತಿ ಕಟ್ಟಿ ನಮ್ಮ ಮನೆಗೆ ಹಾಜರು. ಅವರ ಮನೆಯ ಟಿವಿ ಹೆಂಡತಿಯ ಸೀರಿಯಲ್ಲಿಗೆ ಮೀಸಲು. ಕ್ವಾರ್ಟರ್, ಸೆಮಿಯಲ್ಲಿ ಯಾರು ಗೆಲ್ಲುತ್ತಾರೆಂದು ಬಾಯಲ್ಲೇ ಹೇಳಬಹುದಿತ್ತು. ಫೈನಲಿನದು ಮಾತ್ರ ಚೀಟಿಯಲ್ಲಿ ಬರೆದು, ಸಹಿ ಹಾಕಿ, ಡಬ್ಬಿಗೆ ಹಾಕಿ ಪಟ್ಟಿ ಅಂಟಿಸಬೇಕು. ಬಾಯಿಬಿಟ್ಟರೆ ಆಟಗಾರನಿಗೆ ದೃಷ್ಟಿಯಾಗುತ್ತದೆ ಎಂಬುದು ಅವರ ನಂಬಿಕೆ. ಆಟ ಮುಗಿದ ಮೇಲೆ ಡಬ್ಬಿ ತೆರೆದು, ಸೋತವರು ಬಟಾಟಾವಡೆ ತರಬೇಕು. ಪ್ರತಿವರ್ಷ ತರುತ್ತಿದ್ದವರು ಅವರೇ, ಯಾಕೆಂದರೆ ಇಬ್ಬರು ಆಟಗಾರರಲ್ಲಿ ವಯಸ್ಸಾದವನ ಹೆಸರನ್ನೇ ಬರೆಯುತ್ತಿದ್ದರು.

"ಸಣ್ಣವರಿಗೆ ಚಪ್ಪಾಳೆ ತಟ್ಲಿಕ್ಕೆ ಊರೇ ಉಂಟು ಮಾರಾಯ್ರೆ, ಮುದುಕನಿಗೆ ಯಾರುಂಟು?" ಎನ್ನುತ್ತಿದ್ದರು. ನಾನು ಸಿಕ್ಕಾಪಟ್ಟೆ ರೇಗಿಸುತ್ತಿದ್ದೆ.

ಈ ಡಬ್ಬಿ ಕೊನೆಯ ಸಲ ಮುಚ್ಚಿದ ವರ್ಷ ನನ್ನ ಕೆಲಸ ಹೋಗಿತ್ತು. ನಾನಿದ್ದ ಜೋಗೇಶ್ವರಿಯ ಫ್ಯಾಕ್ಟರಿಗೆ ಬೀಗ ಬಿದ್ದಿತ್ತು. ಹೆಂಡತಿ ಆಫೀಸಿಗೆ ಹೋದ ಮೇಲೆ ಗೋಡೆ ನೋಡುತ್ತ ಕೂರುತ್ತಿದ್ದೆ. ಬದುಕೇ ಬೇಡ ಅನ್ನಿಸುತ್ತದೆ ಎಂದು ಒಮ್ಮೆ ಮೇಷ್ಟ್ರ ಹತ್ತಿರ ಹೇಳಿಬಿಟ್ಟೆ. ಅವರು ಏನೂ ಉಪದೇಶ ಮಾಡಲಿಲ್ಲ. ಆ ಸಲ ಮಾತ್ರ ಕ್ವಾರ್ಟರಿಗೆ ಕಾಯದೆ ಮೊದಲ ಸುತ್ತಿನಿಂದಲೇ ದಿನಾ ಬಂದು ಕೂತರು.

ಅಷ್ಟರಲ್ಲಿ ಅವರಿಗೆ ಎದೆನೋವು ಶುರುವಾಗಿತ್ತು. ಶನಿವಾರವೇ ಅಡ್ಮಿಟ್ ಆಗಬೇಕೆಂದು ಡಾಕ್ಟರು ಹೇಳಿದ್ದರು. "ನಿಮ್ಮ ಮಾತು ಕೇಳ್ತಾರೆ, ನೀವೇ ಹೇಳಿ," ಎಂದು ಅವರ ಹೆಂಡತಿ ನನ್ನನ್ನು ಕೇಳಿಕೊಂಡಿದ್ದರು. ಶುಕ್ರವಾರದ ಸೆಮಿಯಲ್ಲಿ, ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದ, ಮೇಷ್ಟ್ರ ಮೆಚ್ಚಿನ ಮುದುಕ ಆಟಗಾರ ಐದು ಸೆಟ್ ಆಡಿ ಗೆದ್ದ. ಮೇಷ್ಟ್ರು ಕುಣಿಯಲಿಲ್ಲ. ಎದೆ ಉಜ್ಜಿಕೊಳ್ಳುತ್ತ, "ಭಾನುವಾರ ನೀವೊಬ್ರೇ ನೋಡ್ತೀರಾ?" ಎಂದರು.

"ಒಬ್ಬನೇ ಏನು ನೋಡೋದು ಮೇಷ್ಟ್ರೇ? ಸೋಮವಾರ ಅಡ್ಮಿಟ್ ಆದ್ರೆ ಆಸ್ಪತ್ರೆ ಓಡಿಹೋಗುತ್ತಾ? ಫೈನಲ್ ಮುಗಿಸ್ಕೊಂಡು ಹೋಗಿ."

ಹೇಳಿದವನು ನಾನು, ಇದೇ ಬಾಯಿಂದ. ಅವರು ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ಸೋಮವಾರ ಬರುತ್ತೇನೆಂದರು.

ಶನಿವಾರ ಸಂಜೆ ಚೀಟಿ ಹಾಕಿದೆವು. ಭಾನುವಾರ ಬೆಳಿಗ್ಗೆ ಲಿಫ್ಟ್ ಕೆಟ್ಟಿತ್ತು. ಹಾಲು, ಪೇಪರು ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಮೇಷ್ಟ್ರು ಎರಡನೇ ಮಹಡಿಯಲ್ಲಿ ಕುಸಿದರು. ನಾನು ಓಡಿಹೋದಾಗ ಹಾಲು ಮೆಟ್ಟಿಲಿಳಿದು ಹರಿಯುತ್ತಿತ್ತು...

ಸಂಜೆ ಸ್ಮಶಾನದಿಂದ ಬರುವಾಗ ಸ್ಟೇಷನ್ ಹತ್ತಿರದ ಅಂಗಡಿಯ ಟಿವಿಯಲ್ಲಿ ಫೈನಲ್ ನಡೆಯುತ್ತಿತ್ತು. ನಾನು ನಿಲ್ಲಲಿಲ್ಲ. ಮುದುಕ ನಾಲ್ಕು ಸೆಟ್ಟಿನಲ್ಲಿ ಸೋತನೆಂದು ಮರುದಿನ ಯಾರೋ ಹೇಳಿದರು. ಡಬ್ಬಿ ತೆರೆಯುವ ಧೈರ್ಯ ಬರಲಿಲ್ಲ. ಮೇಷ್ಟ್ರು ಉಳಿದದ್ದು ನನ್ನ ಮಾತಿಗಲ್ಲ, ಆ ಮುದುಕ ಕಪ್ ಎತ್ತುವುದನ್ನು ನೋಡುವ ಆಸೆಗೆ ಎಂದುಕೊಂಡೇ ಇಷ್ಟು ವರ್ಷ ದಿನ ದೂಡಿದೆ.

ಇವತ್ತು ಪಟ್ಟಿ ಕಿತ್ತೆ. ನನ್ನ ಚೀಟಿಯಲ್ಲಿ ಮುದುಕನ ಹೆಸರಿತ್ತು. ಮೇಷ್ಟ್ರಿಗೆ ಖುಷಿಯಾಗಲೆಂದು ಆ ಸಲ ಹಾಗೆ ಬರೆದಿದ್ದೆ. ಅವರದರಲ್ಲಿ ಬರೆದಿತ್ತು: "ಮುದುಕನ ಕೈಲಿ ಆಗ್ಲಿಕ್ಕಿಲ್ಲ. ಸಣ್ಣವನೇ ಗೆಲ್ತಾನೆ, ನಾಲ್ಕು ಸೆಟ್." ಕೆಳಗೆ ಸಹಿ.

ಅಂದರೆ ಅವರಿಗೆ ಗೊತ್ತಿತ್ತು. ನೋಡುವಂಥದ್ದು ಏನೂ ಇಲ್ಲವೆಂದು ಗೊತ್ತಿದ್ದೂ ಉಳಿದರು. ನಾನೊಬ್ಬನೇ ಕೂರಬಾರದೆಂದು ಉಳಿದರು... ನನಗಿದ್ದ ಒಂದೇ ಸಮಾಧಾನವೂ ಹೋಯಿತು.

ಮೊದಲ ಸಲ ಮೇಷ್ಟ್ರು ಗೆದ್ದಿದ್ದಾರೆ. ವಡೆ ತರಬೇಕಾದವನು ನಾನು. ಅವರ ಹೆಂಡತಿ ಖಾಲಿ ಮಾಡಿ ಹೋದ ಎದುರುಮನೆಗೆ ಬಿಲ್ಡರ್ ಬೀಗ ಹಾಕಿದ್ದಾನೆ.